ಸಿಗಂದೂರು ಲಾಂಚಿನ ಪಿಂಚಣಿ ಕಡತ

ಇವರಿಂದ,
ಒಬ್ಬ ಯಾತ್ರಾರ್ಥಿ, ಹಿರಿಯಡ್ಕ

ಇವರಿಗೆ,
2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯ ವೇದಿಕೆಯಲ್ಲಿ ಕುಳಿತವರು ಹಾಗೂ ವೇದಿಕೆಗೆ ಬಾರದವರು

ವಿಷಯ: ಅಂಬಾರಗೋಡ್ಲು–ಕಳಸವಳ್ಳಿ ಲಾಂಚಿನ ನಿವೃತ್ತಿ ಸೌಲಭ್ಯಗಳನ್ನು ಇತ್ಯರ್ಥಪಡಿಸುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಉದ್ಘಾಟನೆಗೆ ಯಾರನ್ನು ಯಾವ ತಾರೀಕಿಗೆ ಕರೆದರು ಎಂದು ಕೇಂದ್ರ ಸಚಿವರೂ ಮುಖ್ಯಮಂತ್ರಿಗಳೂ ಪತ್ರ ತೋರಿಸಿಕೊಳ್ಳುವ ಗಡಿಬಿಡಿಯಲ್ಲಿ, ಕರೆಯಲೇಬೇಕಾಗಿದ್ದ ಒಬ್ಬರು ಪಟ್ಟಿಯಿಂದ ಬಿಟ್ಟುಹೋದರು. ಅದುವೇ ಲಾಂಚು. ಸೇತುವೆಗೆ ಟೇಪು ಕತ್ತರಿಸಿದಿರಿ. ಲಾಂಚಿಗೆ ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿಯೂ ಸಿಗಲಿಲ್ಲ. ಗುಮಾಸ್ತರು ನಿವೃತ್ತರಾದರೂ ಇಷ್ಟಾದರೂ ನಡೆಯುತ್ತದೆ. ಆದಕಾರಣ ಅದರ ಸೇವಾ ವಿವರಗಳನ್ನು ನಾನೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನೇಮಕಾತಿ: ಅರ್ಜಿ ಕರೆದದ್ದಲ್ಲ, ಮುಳುಗಿಸಿ ಸೃಷ್ಟಿಸಿದ ಹುದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ಹಿಂದಕ್ಕೆ ನಿಂತು ಸಾಗರ, ಹೊಸನಗರ ಕಡೆಯ ಊರು, ಗದ್ದೆ, ತೋಟ, ದಾರಿಗಳನ್ನೆಲ್ಲ ನುಂಗಿತು. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತೆಂದ ಮೇಲೆ ಮನುಷ್ಯರ ಮನೆಗಳ ಲೆಕ್ಕ ಕೇಳುವವರು ಯಾರು? ತುಮರಿ ಸುತ್ತಿನ ಕರೂರು–ಬಾರಂಗಿ ಸೀಮೆಯವರು ಕೂತಲ್ಲೇ ದ್ವೀಪವಾಸಿಗಳಾದರು. ಅವರ ನೀರಿನಿಂದ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ನಡೆದು ಊರೂರಿಗೆ ದೀಪ ಹೋಯಿತು. ಪರಿಹಾರವಾಗಿ ಅವರಿಗೆ ಲಾಂಚು ಬಂತು.

ಕೆಲಸದ ಅವಧಿ: ಬೆಳಗ್ಗೆಯಿಂದ ಸಂಜೆ. ಆಮೇಲೆ ಹೊಳೆಬಾಗಿಲಲ್ಲಿ ನಿಂತು ಕೂಗಿದರೆ ಪ್ರತಿಧ್ವನಿಯೇ ಉತ್ತರ. ಹೆರಿಗೆ ನೋವು, ಎದೆನೋವು, ಹಾವು ಕಡಿತಗಳು ಕಚೇರಿ ವೇಳೆಯಲ್ಲೇ ಬರತಕ್ಕದ್ದೆಂಬ ಸುತ್ತೋಲೆ ಅವುಗಳಿಗೆ ತಲುಪಿರಲಿಲ್ಲ. ತಡವಾದವರು ಕೋಗಾರು ಮಾರ್ಗವಾಗಿ ಕಾಡು ಸುತ್ತಿಕೊಂಡು ಸಾಗರ ಸೇರಬೇಕಿತ್ತು.

ರಜೆ: ಬೇಸಿಗೆಯಲ್ಲಿ ಕಡ್ಡಾಯ. ಲಿಂಗನಮಕ್ಕಿ 1,819 ಅಡಿ ಮುಟ್ಟಿದರೆ ಪೇಪರಿನವರಿಗೆ ಸಂಭ್ರಮ. ತಳ ಕಂಡರೆ ಲಾಂಚಿಗೆ ಗ್ರಹಚಾರ. ಮುಂಗಾರು ತಡವಾದ 2023ರಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಕಾರು ಆಚೆ ದಡದಲ್ಲಿ, ಮಾಲೀಕ ಈಚೆ ದಡದಲ್ಲಿ.

ನಡತೆ: ಉತ್ತಮ. ಬಸ್ಸು, ಜೀಪು, ಟಿಪ್ಪರು, ಬೈಕು, ಮದುವೆ ದಿಬ್ಬಣ ಎನ್ನುವ ಭೇದವಿಲ್ಲದೆ ಎಲ್ಲವನ್ನೂ ದಾಟಿಸಿದೆ. ಹಳೆಯದು ಸವೆದಾಗ ಹೊಸದು ಬಂದು ಅನುಕಂಪದ ಆಧಾರದಲ್ಲಿ ಅದೇ ಹುದ್ದೆ ಹಿಡಿದಿದೆ. ಮುಂಬಡ್ತಿ ಮಾತ್ರ ಇಲ್ಲ. ಅಣೆಕಟ್ಟು ಮುಗಿದ 54 ವರ್ಷಕ್ಕೆ, 2018ರ ಫೆಬ್ರವರಿಯಲ್ಲಿ, ಸೇತುವೆಗೆ ಅಡಿಗಲ್ಲು ಬಿತ್ತು. ಸೇತುವೆ ತೆರೆಯುವಾಗ ಹಿನ್ನೀರಿಗೆ 61 ತುಂಬಿತ್ತು. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ 60ಕ್ಕೆ. ಲಾಂಚಿಗೆ ಒಂದು ವರ್ಷ ವಿಸ್ತರಣೆ ಕೊಟ್ಟ ಉದಾರಿಗಳು ಯಾರೆಂದು ತಿಳಿಸಿದರೆ ಅವರಿಗೂ ಒಂದು ಶಾಲು ಹೊದಿಸೋಣ.

ಇನ್ನು ನಮ್ಮ ವಿಚಾರ. ಘಟ್ಟದ ಕೆಳಗಿನ ನಾವು ಹಿರಿಯಡ್ಕದಿಂದ ಹೊರಟರೆ ಕೊಲ್ಲೂರಿನಲ್ಲಿ ಕೈಮುಗಿದು, ನಿಟ್ಟೂರು ಮೇಲಿಂದ ಸಿಗಂದೂರಿಗೆ ಬರುತ್ತೇವೆ. ದೇವಿಯ ದರ್ಶನಕ್ಕೆ ನಮಗೆ ಲಾಂಚೇ ಬೇಡ, ರಸ್ತೆಯೇ ಸಾಕು. ಆದರೂ ಚೌಡೇಶ್ವರಿಗಿಂತ ಮೊದಲು ನಮ್ಮ ಮಕ್ಕಳು ಕೇಳುತ್ತಿದ್ದದ್ದು ಲಾಂಚನ್ನು. ಊಟ ಮುಗಿಸಿ, ಜೋಗಕ್ಕೆ ಹೋಗುವ ನೆಪದಲ್ಲಿ ಟೆಂಪೋ ಟ್ರಾವೆಲರನ್ನು ಅದರ ಮೇಲೆ ಏರಿಸಿಯೇ ಸಿದ್ಧ. ‘ಬಾ, ಬಾ, ಇನ್ನೂ ಬಾ, ಹಾಂ ಸಾಕು’ ಎಂಬ ಸಿಬ್ಬಂದಿಯ ಕೂಗಿಗೆ ಡ್ರೈವರು ಕನ್ನಡಿ ಮಡಚುತ್ತಿದ್ದಂತೆ ನಮ್ಮವರು ಕಂಬಿಗೆ ಒರಗಿ ರೀಲ್ಸ್ ಶುರು. ಎರಡು ಬಂಪರುಗಳ ಸಂದಿಯಲ್ಲಿ ಅಕ್ಕಿ ಚೀಲ ಕಾಲಿಗೆ ಒತ್ತಿಕೊಂಡು ನಿಂತ ತುಮರಿಯವರು ಆ ವಿಡಿಯೋದಲ್ಲಿ ಬರುವುದಿಲ್ಲ. ಬಂದರೂ ‘ಸ್ವಲ್ಪ ಸರೀರಿ’ ಎನ್ನುತ್ತೇವೆ. ಶನಿವಾರ, ಭಾನುವಾರ ನಮ್ಮ ವಾಹನಗಳ ಸಾಲಿನ ಬಾಲದಲ್ಲಿ ನಿಂತು ತಮ್ಮ ಮನೆಗೆ ತಾವು ಕಾಯುತ್ತಿದ್ದವರೂ ಅವರೇ.

ಈಗ ನಾವೇ ಬೇಸರಪಡುತ್ತಿದ್ದೇವೆ: ‘ಲಾಂಚು ಇಲ್ಲದೆ ಸಿಗಂದೂರಿನ ಮಜಾನೇ ಹೋಯಿತು ಮಾರಾಯ್ರೆ!’ ಆದರೆ 2019ರ ಮೇ ತಿಂಗಳಲ್ಲಿ ನಮ್ಮ ಸ್ವರ್ಣಾ ನದಿ ಬತ್ತಿ ಬಜೆ ಅಣೆಕಟ್ಟು ಒಣಗಿದಾಗ ಉಡುಪಿ ಪೇಟೆ ಟ್ಯಾಂಕರಿನ ದಾರಿ ಕಾಯುತ್ತ ಕಂಗಾಲಾಗಿತ್ತು. ಆಗ ಯಾರಾದರೂ ಬಂದು ಕೊಡಪಾನಗಳ ಸಾಲು ಎಷ್ಟು ಚೆಂದ, ಇದು ಹೀಗೆಯೇ ಇರಲಿ ಎಂದಿದ್ದರೆ ನಾವು ಅವರಿಗೆ ಗೋಳಿಬಜೆ ಕೊಟ್ಟು ಕಳಿಸುತ್ತಿರಲಿಲ್ಲ.

ಆದ್ದರಿಂದ ಬೇಡಿಕೆಗಳು ಇಂತಿವೆ:

ಒಂದು, ಲಾಂಚನ್ನು ತೇಲುವ ಹೋಟೆಲು ಮಾಡುವ ಆಲೋಚನೆ ಇದ್ದರೆ ಮೊದಲ ಊಟ ತುಮರಿಯವರಿಗೆ, ಕೂತು ಉಣ್ಣುವಂತೆ. ಅದರ ಮೇಲೆ ಅವರು ನಿಂತದ್ದು ಸಾಕು.

ಎರಡು, ಲಾಂಚೇ ಚೆನ್ನಾಗಿತ್ತು ಎನ್ನುವವರಿಂದ ಮುಚ್ಚಳಿಕೆ ಬರೆಸಿಕೊಳ್ಳಿ: ಮಗುವನ್ನು ಶಾಲೆಗೆ, ಅಮ್ಮನನ್ನು ಆಸ್ಪತ್ರೆಗೆ ಇನ್ನು ಮುಂದೆ ಲಾಂಚಿನಲ್ಲೇ ಒಯ್ಯುತ್ತೇನೆ, ಸಂಜೆಯ ಮೇಲೆ ಕಾಯಿಲೆ ಬೀಳುವುದಿಲ್ಲ.

ಮೂರು, ಇದೇ ಹಿನ್ನೀರಿನ ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲೂ ಜನರನ್ನು ದಾಟಿಸುತ್ತ ಬಂದದ್ದು ಲಾಂಚುಗಳೇ. ದಯವಿಟ್ಟು ಅವಕ್ಕೂ 61ರ ತನಕ ಸೇವಾ ವಿಸ್ತರಣೆ ಕೊಡಬೇಡಿ. ಅವು ಕೇಳಿಲ್ಲ, ಅವುಗಳ ಮೇಲೆ ನಿಂತು ಹೋಗುವವರಂತೂ ಕೇಳಿಯೇ ಇಲ್ಲ.

ಇಂತಿ ತಮ್ಮ ವಿಧೇಯ,
ಹಿರಿಯಡ್ಕದ ಯಾತ್ರಾರ್ಥಿ