‘ಮಾತಾಡಿದವರ ಪಟ್ಟಿ’ಯ ಜೊತೆ ಒಂದಿಷ್ಟು ಮಾತು

ಕಪ್ಪು ಹಲಗೆಯ ಬಲಮೂಲೆಯಲ್ಲಿ ಒಂದು ಗೀಟು ಎಳೆದು, ಮೇಲೆ ‘ಮಾತಾಡಿದವರು’ ಎಂದು ಬರೆದರೆ ಸಾಕು, ಇವರು ಹಾಜರ್. ನೇಮಕಾತಿ ಆದೇಶವಿಲ್ಲ, ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಮಕ್ಕಳು ಪಾಠದ ಬಗ್ಗೆ ತಮ್ಮತಮ್ಮಲ್ಲೇ ಚರ್ಚಿಸಬೇಕೆಂದು ತರಬೇತಿಗಳಲ್ಲಿ ಬೋಧನೆಯಾಗುತ್ತಿರುವ ಈ ಕಾಲದಲ್ಲಿ ಇವರ ಅಭಿಪ್ರಾಯ ಕೇಳದಿದ್ದರೆ ಹೇಗೆ? ಮೇಷ್ಟ್ರು ಬಿಸಿಯೂಟದ ಲೆಕ್ಕ ಬರೆಯಲು ಹೋದ ಹೊತ್ತು ನೋಡಿ ಭೇಟಿಯಾದೆವು.

ನಮಸ್ಕಾರ. ಸ್ವಲ್ಪ ಮಾತಾಡಬಹುದೇ?

ಮೆಲ್ಲಗೆ ಸ್ವಾಮಿ! ಕ್ಲಾಸ್ ಲೀಡರ್ ಕೇಳಿಸಿಕೊಂಡರೆ ನಿಮ್ಮ ಹೆಸರೂ ಬೀಳುತ್ತದೆ. ಇನ್ನೊಂದು ಸಲ ಬಾಯಿ ಬಿಟ್ಟರೆ ಹೆಸರಿನ ಮುಂದೆ ‘ಇಂಟು ಎರಡು’.

ತಮ್ಮ ಕೆಲಸದ ಸ್ವರೂಪ ಓದುಗರಿಗೆ ತಿಳಿಸಿ.

ಅವರಿಗೆ ಗೊತ್ತಿಲ್ಲದ್ದೇ? ಅರ್ಧ ಜನ ನನ್ನಲ್ಲಿ ಬಂದು ಹೋದವರೇ. ಯಾರು ಮಾತಾಡಿದರು ಎಂಬುದಷ್ಟೇ ನನಗೆ ಬೇಕು. ಏನು ಮಾತಾಡಿದರು ಎನ್ನುವ ಕಾಲಂ ನನ್ನಲ್ಲಿಲ್ಲ. ಸಿನಿಮಾ ಕಥೆ ಹೇಳಿದವನಿಗೂ ಲ.ಸಾ.ಅ. ಹೇಳಿಕೊಟ್ಟವಳಿಗೂ ಒಂದೇ ಶಿಕ್ಷೆ. ಇಷ್ಟು ಸಮಾನತೆ ಬೇರೆಲ್ಲಿ ಕಂಡಿದ್ದೀರಿ? ಲೀಡರ್‌ಗೆ ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು ಕೊಟ್ಟವರ ಹೆಸರು ಅಳಿಸಿಹೋಗುವುದುಂಟು. ಆಡಳಿತ ಅಂದಮೇಲೆ ಅಷ್ಟು ಇದ್ದೇ ಇರುತ್ತದೆ.

ಪಾಠದ ಬಗ್ಗೆ ಮಾತಾಡಿದವರೂ ನಿಮ್ಮಲ್ಲಿ ಬಿದ್ದಿದ್ದಾರೆಯೇ?

ಬೇಕಾದಷ್ಟು. ಐದನೇ ತರಗತಿ, ಭಿನ್ನರಾಶಿ. ಮೇಷ್ಟ್ರು ಲೆಕ್ಕ ಕೊಟ್ಟು ಆಫೀಸಿಗೆ ಹೋಗಿದ್ದರು. ಒಬ್ಬ ಹುಡುಗ, ‘ಮೂರನೇ ಒಂದಕ್ಕಿಂತ ನಾಲ್ಕನೇ ಒಂದೇ ದೊಡ್ಡದು, ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ?’ ಅಂದ. ಆಚೆ ಸಾಲಿನ ಹುಡುಗಿಗೆ ತಡೆಯಲಾಗಲಿಲ್ಲ. ‘ಲೋ, ಒಂದು ಒಬ್ಬಟ್ಟನ್ನ ಮೂರು ಜನ ಹಂಚ್ಕೊಂಡ್ರೆ ನಿಂಗೆ ಜಾಸ್ತಿ ಸಿಗುತ್ತೋ, ನಾಲ್ಕು ಜನ ಹಂಚ್ಕೊಂಡ್ರೋ?’ ಹುಡುಗ ತಲೆ ಕೆರೆದುಕೊಂಡ. ‘ಹಂಗಾದ್ರೆ ಕೆಳಗಿನ ನಂಬರ್ ದೊಡ್ಡದಾದಷ್ಟೂ ತುಂಡು ಚಿಕ್ಕದಾಗುತ್ತಾ?’ ಅಷ್ಟರಲ್ಲಿ ಕೊನೇ ಬೆಂಚಿನಿಂದ ಇನ್ನೊಬ್ಬ, ‘ಎರಡು ಒಬ್ಬಟ್ಟೂ ಒಂದೇ ಸೈಜ್ ಇದ್ರೆ ಮಾತ್ರ ಕಣ್ರೋ’ ಅಂದ. ಆ ‘ಮಾತ್ರ’ ಆ ದಿನದ ಪಾಠದಲ್ಲಿ ಎಲ್ಲೂ ಬಂದಿರಲಿಲ್ಲ!

ಆಮೇಲೆ?

ಆಮೇಲೇನು, ಮೂವರ ಹೆಸರೂ ಬಿತ್ತು. ಹುಡುಗಿಗೆ ‘ಇಂಟು ಎರಡು’, ಅವಳದು ಜಾಸ್ತಿ ಮಾತಲ್ಲವೇ? ಮೇಷ್ಟ್ರು ಬಂದು ಮೂವರನ್ನೂ ಬೆಂಚಿನ ಮೇಲೆ ನಿಲ್ಲಿಸಿ, ಕೈ ಕಟ್ಟಿ ಕೂತಿದ್ದವರಿಗೆ ‘ವೆರಿ ಗುಡ್’ ಹೇಳಿದರು. ಭಿನ್ನರಾಶಿ ಅರ್ಥವಾಗಿದ್ದದ್ದು ನಿಂತವರಿಗೆ ಮಾತ್ರ.

ಆದರೂ ಮೇಷ್ಟ್ರು ತರಗತಿಯಲ್ಲಿ ಪ್ರಶ್ನೆ ಕೇಳುತ್ತಾರಲ್ಲ?

ಕೇಳುತ್ತಾರೆ. ‘ನೀರು ಕುದಿಯುವುದು ನೂರು ಡಿಗ್ರಿ ಸೆಲ್ಸಿ...?’ ‘ಯಸ್!’ ಅನ್ನುತ್ತದೆ ಇಡೀ ತರಗತಿ. ಕೊನೆಯ ಅಕ್ಷರ ತುಂಬುವುದಕ್ಕೆ ನಮ್ಮಲ್ಲಿ ಪ್ರಶ್ನೋತ್ತರ ಅನ್ನುತ್ತಾರೆ. ಹಾಗಾದರೆ ಮಡಿಕೇರಿಯ ಬೆಟ್ಟದ ಮೇಲೆ ನೂರು ಮುಟ್ಟುವ ಮೊದಲೇ ಕುದಿಯುತ್ತದಲ್ಲ, ಯಾಕೆ, ಪಕ್ಕದವರ ಜೊತೆ ಸೇರಿ ಯೋಚಿಸಿ ಅಂದು ನೋಡಲಿ. ನನ್ನಲ್ಲಿ ಜಾಗ ಸಾಲುವುದಿಲ್ಲ.

ಇನ್ನು ಪ್ರಶ್ನೆ ಕೇಳಿದವರಿಗೆ ಕಾಯುವ ವ್ಯವಧಾನವೂ ಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್! ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಯಾವತ್ತೂ ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡಿಗೆ ಸರ್ಕಾರದ ಅನುದಾನ ಬೇಕಿಲ್ಲ ನೋಡಿ, ಅದಕ್ಕೇ ಯಾರಿಗೂ ಆಸಕ್ತಿಯಿಲ್ಲ.

ಈಗ ಗುಂಪು ಚರ್ಚೆ ನಡೆಯುತ್ತಿದೆಯಂತಲ್ಲ?

ಶಾಲೆ ನೋಡಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುವ ದಿನ ನಡೆಯುತ್ತದೆ. ಬೆಂಚುಗಳು ಎದುರುಬದುರಾಗುತ್ತವೆ. ಪ್ರತಿ ಗುಂಪಿಗೂ ಒಂದು ಚಾರ್ಟು, ನಾಲ್ಕು ಸ್ಕೆಚ್ ಪೆನ್ನು. ಫಸ್ಟ್ ರ‍್ಯಾಂಕಿನ ಹುಡುಗಿ ಗೈಡ್ ನೋಡಿ ಬರೆಯುತ್ತಾಳೆ, ಉಳಿದವರು ಬಾರ್ಡರ್ ಹಾಕಿ ಹೂವು ಬಿಡಿಸುತ್ತಾರೆ. ಫೋಟೊ ವಾಟ್ಸ್ಯಾಪ್ ಗ್ರೂಪಿಗೆ ಹೋದ ತಕ್ಷಣ ಬೆಂಚುಗಳು ಯಥಾಸ್ಥಾನಕ್ಕೆ, ನಾನು ಬಲಮೂಲೆಗೆ. ಚರ್ಚಿಸಲು ಜಗಳ ಹುಟ್ಟಿಸುವಂಥ ಪ್ರಶ್ನೆ ಬೇಕಲ್ಲ? ‘ಅರಣ್ಯದ ಉಪಯೋಗಗಳನ್ನು ಚರ್ಚಿಸಿ’ ಅಂದರೆ ಚರ್ಚಿಸುವುದಕ್ಕೆ ಏನಿದೆ? ಉಪಯೋಗಗಳೆಲ್ಲ ಪಾಠದ ಎರಡನೇ ಪ್ಯಾರಾದಲ್ಲಿವೆ. ಊರಿಗೆ ರಸ್ತೆ ಬೇಕು, ರಸ್ತೆಗೆ ಮರ ಅಡ್ಡ ಇವೆ, ಏನು ಮಾಡೋಣ ಅಂದರೆ ಮಕ್ಕಳು ಬಾರ್ಡರ್ ಮರೆಯುತ್ತಾರೆ.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ನಿಮಗೆ ಕೆಲಸ ಕಡಿಮೆಯಾಯಿತೇ?

ಆ ನೋವನ್ನು ಕೆದಕಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು ಶುರು ಮಾಡಿದ್ದು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಒಬ್ಬರಿಂದೊಬ್ಬರು ಕಲಿಯುವುದು. ‘ಸಹಪಾಠಿ ಬೆಂಬಲಿತ ಗುಂಪು’ ಎಂದೇ ಹೆಸರಿಟ್ಟುಬಿಟ್ಟರು! ಒಂದರಿಂದ ಮೂರನೇ ತರಗತಿಯವರೆಗೆ ನಾನು ನಿರುದ್ಯೋಗಿ. ಪುಣ್ಯಕ್ಕೆ ನಾಲ್ಕನೇ ತರಗತಿ ಅಂತ ಒಂದಿದೆ. ಬೆಂಚಿನ ಮೇಲೆ ಕೂರಿಸಿ ‘ಬಾಯಿ ಮೇಲೆ ಬೆರಳು’ ಅನ್ನುತ್ತಾರೆ. ನಿನ್ನೆವರೆಗೆ ಮಾತಾಡಿ ಕಲಿತ ಮಗು ಇವತ್ತು ಮಾತಾಡಿದ್ದಕ್ಕೆ ನನ್ನಲ್ಲಿ ಬರುತ್ತದೆ.

ಹೊರದೇಶಗಳ ಸುದ್ದಿ ಗೊತ್ತೇ?

ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅಂತ ಭೌತಶಾಸ್ತ್ರದ ಮೇಷ್ಟ್ರು. 1990ರ ದಶಕದ ಆರಂಭದಲ್ಲಿ ಪಾಠ ಮಧ್ಯದಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಹಾಕತೊಡಗಿದರು. ಮೊದಲು ಒಬ್ಬೊಬ್ಬರೇ ಉತ್ತರ ಆರಿಸಬೇಕು. ಆಮೇಲೆ ಪಕ್ಕದವನ ಜೊತೆ ವಾದ ಮಾಡಬೇಕು. ಮತ್ತೆ ಉತ್ತರ ಆರಿಸಬೇಕು. ಎರಡನೇ ಸಲ ಸರಿಯುತ್ತರಗಳು ಹೆಚ್ಚಾಗುತ್ತಿದ್ದವು. ಈಗಷ್ಟೇ ಅರ್ಥ ಮಾಡಿಕೊಂಡವನಿಗೆ ಎಲ್ಲಿ ಎಡವಿದೆ ಅಂತ ಇನ್ನೂ ನೆನಪಿರುತ್ತದಲ್ಲ, ಪ್ರೊಫೆಸರಿಗೆ ಅದು ಮರೆತು ಎಷ್ಟೋ ಕಾಲವಾಗಿರುತ್ತದೆ. ನಮ್ಮಲ್ಲಾಗಿದ್ದರೆ ಇಡೀ ಕ್ಲಾಸು ನನ್ನಲ್ಲಿರುತ್ತಿತ್ತು.

ಇಂಗ್ಲಿಷ್ ಮಾಧ್ಯಮದಲ್ಲಿ ತಮ್ಮ ಸ್ಥಿತಿಗತಿ?

ಅಲ್ಲಿ ಕೆಲವು ಕಡೆ ನನ್ನ ತಂಗಿಯೂ ಇದ್ದಾಳೆ, ‘ಕನ್ನಡ ಮಾತಾಡಿದವರು’ ಅಂತ. ದಂಡವೂ ವಸೂಲಾಗುತ್ತದೆ. ಮಗುವಿನ ಮನೆಮಾತು ಕಲಿಕೆಗೆ ಸಂಪತ್ತು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ನನ್ನ ತಂಗಿ ಅದನ್ನು ಓದಿಲ್ಲ. ‘ಯಾಕೆ ಹಿಂಗಾಗುತ್ತೆ?’ ಎಂಬ ಪ್ರಶ್ನೆ ಕನ್ನಡದಲ್ಲಿ ಹುಟ್ಟಿ, ಇಂಗ್ಲಿಷ್ ಸಿಗದೆ, ಗಂಟಲಲ್ಲೇ ಉಳಿಯುತ್ತದೆ. ತರಗತಿ ಮಾತ್ರ ಬಹಳ ಶಿಸ್ತಾಗಿರುತ್ತದೆ.

ಹಾಗಾದರೆ ತಪ್ಪೆಲ್ಲ ಮೇಷ್ಟ್ರದ್ದೇ?

ಛೆ, ಹಾಗೆ ಬರೆದುಬಿಟ್ಟೀರಿ! ಐವತ್ತು, ಅರವತ್ತು ಮಕ್ಕಳ ಕೋಣೆ, ಮುಗಿಯದ ಪೋರ್ಷನ್ನು, ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಕತ್ತಿ. ಕಾರಿಡಾರಿನಲ್ಲಿ ಓಡಾಡುವ ಹೆಡ್ ಮಾಸ್ಟರಿಗೆ ಕಿವಿ ಮಾತ್ರ ಇರುವುದು. ಸದ್ದು ಕೇಳಿಸಿತೋ, ‘ಕ್ಲಾಸ್ ಕಂಟ್ರೋಲ್ ಇಲ್ಲ’ ಅನ್ನುತ್ತಾರೆ. ಅದೇ ಜನ ಶಾಲಾ ವಾರ್ಷಿಕೋತ್ಸವದಲ್ಲಿ ಮೈಕ್ ಸಿಕ್ಕರೆ ಅನುಭವ ಮಂಟಪ, ಚರ್ಚೆಯ ಪರಂಪರೆ ಅಂತ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಅವರ ಹೆಸರು ಬರೆಯಲು ಯಾವ ಲೀಡರ್‌ಗೂ ಧೈರ್ಯವಿಲ್ಲ.

ಕೊನೆಯದಾಗಿ, ಓದುಗರಿಗೆ?

ಪೋಷಕರ ಸಭೆಗೆ ಹೋಗುತ್ತೀರಲ್ಲ, ಅಲ್ಲಿ ‘ನಿಮ್ಮ ಮಗಳು ಕ್ಲಾಸಲ್ಲಿ ತುಂಬಾ ಮಾತಾಡ್ತಾಳೆ’ ಅಂದರೆ ತಲೆ ತಗ್ಗಿಸಿ, ಮನೆಗೆ ಬಂದು ಬೈಯಬೇಡಿ. ‘ಯಾವುದರ ಬಗ್ಗೆ ಮಾತಾಡ್ತಾಳೆ ಮೇಡಂ?’ ಅಂತ ಕೇಳಿ. ಕೇಳಿ, ಉತ್ತರಕ್ಕೆ ಮೂರು ಸೆಕೆಂಡ್ ಕಾಯಿರಿ.