ಬೆಂಬಲರಾಯರು

ಮದುವೆಮನೆಯ ಊಟದ ಪಂಕ್ತಿಯಲ್ಲೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೋ ಇವರು ಸಿಗುತ್ತಾರೆ. ಸಿಕ್ಕ ಐದು ನಿಮಿಷದೊಳಗೆ "ನಮ್ಮ ಮಿಸೆಸ್‌ಗೆ ನಂದು ಫುಲ್ ಸಪೋರ್ಟು ಸಾರ್" ಎಂಬ ಮಾತು ಬಂದೇ ಬರುತ್ತದೆ. ಅನುಕೂಲಕ್ಕಾಗಿ ಬೆಂಬಲರಾಯರು ಎಂದು ಕರೆಯೋಣ. ಹೆಂಡತಿ ಕೆಎಎಸ್ ಪರೀಕ್ಷೆಗೆ ಓದಲು ಕುಳಿತರೆ ರಾಯರು ಅಡುಗೆಮನೆಗೆ ಇಳಿಯುತ್ತಾರೆ. "ನೀನು ಏಳ್ಬೇಡ, ಕಾಫಿ ನಾನೇ ಮಾಡ್ತೀನಿ" ಎಂಬ ಘೋಷಣೆಯ ಬೆನ್ನಿಗೇ ಡಿಕಾಕ್ಷನ್ ಎಲ್ಲಿದೆ, ಸಕ್ಕರೆ ಯಾವ ಡಬ್ಬಿಯಲ್ಲಿದೆ, ಈ ಹಾಲು ನಿನ್ನೆದೋ ಇವತ್ತಿಂದೋ ಎಂಬ ಪ್ರಶ್ನೆಪತ್ರಿಕೆ ಹೊರಬೀಳುತ್ತದೆ. ಕೆಎಎಸ್‌ಗೆ ಮೊದಲು ಆಕೆ ಇದರಲ್ಲಿ ಪಾಸಾಗಬೇಕು. ಲೋಟ ಕೈಗಿತ್ತ ಮೇಲೂ ರಾಯರು ಜಾಗ ಬಿಟ್ಟು ಕದಲುವುದಿಲ್ಲ. ಮೊದಲ ಗುಟುಕಿಗೆ ಆಕೆಯ ಮುಖ ಅರಳುವುದನ್ನು ಕಾಣದೆ ಅವರಿಗೆ ನೆಮ್ಮದಿಯಿಲ್ಲ. ಸ್ಟವ್ ಮೇಲೆ ಉಕ್ಕಿ ಒಣಗುತ್ತಿರುವ ಹಾಲು ಮಾತ್ರ ಬೆಂಬಲದ ವ್ಯಾಪ್ತಿಗೆ ಬರುವುದಿಲ್ಲ.

ರಾಯರ ಪ್ರೀತಿ ಕಪಟದ್ದೆಂದು ಯಾರೂ ಹೇಳಲಾರರು. ತೊಂದರೆ ಇರುವುದು ಅವರ ಬೆಂಬಲಕ್ಕೊಬ್ಬ ಪ್ರೇಕ್ಷಕಿ ಬೇಕು ಎಂಬಲ್ಲಿ. ಆ ಪ್ರೇಕ್ಷಕಿ ಬೆಂಬಲ ಬೇಕಾದವಳೇ ಆದ್ದರಿಂದ, ಪ್ರತಿ ಉಪಕಾರದ ಜೊತೆಗೂ ಮೆಚ್ಚಿಕೊಳ್ಳುವ ಇನ್ನೊಂದು ಕೆಲಸ ಆಕೆಯ ತಲೆಗೆ ಬೀಳುತ್ತದೆ. ಇದಕ್ಕೆ ಅಮೆರಿಕದಿಂದ ಸಾಕ್ಷಿಯೂ ಇದೆ. ಮನಶ್ಶಾಸ್ತ್ರಜ್ಞ ನೈಲ್ ಬೋಲ್ಜರ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ವಕೀಲಿ ಪರೀಕ್ಷೆಗೆ ಓದುತ್ತಿದ್ದವರಿಂದಲೂ ಅವರ ಸಂಗಾತಿಗಳಿಂದಲೂ ಬೇರೆಬೇರೆಯಾಗಿ ದಿನಚರಿ ಬರೆಸಿ, 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಗಾತಿ ನೆರವಾಗಿಯೂ ಅದು ಓದುವವರ ಗಮನಕ್ಕೇ ಬಾರದಿದ್ದಾಗ ಅವರ ಮನಸ್ಸು ಹಗುರವಾಗಿತ್ತು. ನೆರವು ಸಿಕ್ಕಿತೆಂದು ಅವರಿಗೆ ಅರಿವಾದಾಗ ಕುಗ್ಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಕೈಹಿಡಿದು ದಾಟಿಸುತ್ತಿದ್ದಾರೆಂದು ಗೊತ್ತಾದ ಕ್ಷಣವೇ "ನನ್ನ ಕೈಲಿ ಆಗ್ತಿಲ್ಲವೇನೋ" ಎಂಬ ಅಳುಕೂ ಹುಟ್ಟುತ್ತದೆ. ಕಣ್ಣಿಗೆ ಕಾಣುವ ನೆರವೆಲ್ಲ ಕೆಡುಕೆಂದು ಇದರರ್ಥವಲ್ಲ. ಸಂಕಟ ಮಿತಿಮೀರಿದಾಗ ಎದುರು ಕುಳಿತು ಧೈರ್ಯ ಹೇಳುವವರೂ ಬೇಕು. ಆದರೆ ಒಂದು ಲೋಟ ಕಾಫಿಗೆ ಉದ್ಘಾಟನಾ ಸಮಾರಂಭದ ಅಗತ್ಯವಿಲ್ಲ.

"ಅಷ್ಟಾದರೂ ಮಾಡುತ್ತಾರಲ್ಲ, ಅವರಪ್ಪ ನೀರಿನ ಲೋಟವನ್ನೂ ಎತ್ತಿಡುತ್ತಿರಲಿಲ್ಲ" ಎಂದು ರಾಯರ ಪರ ವಕೀಲರು ಏಳುತ್ತಾರೆ. ಒಪ್ಪೋಣ. ಆದರೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನೂ ನೋಡೋಣ. ಮನೆಗೆಲಸಕ್ಕೆ ಕೈಹಾಕಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ದುಡಿದಿದ್ದಾರೆ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಸಂತೋಷಪಡುವಷ್ಟರಲ್ಲಿ ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡುಬಿಟ್ಟಿದ್ದಾರೆ. ಫುಲ್ ಸಪೋರ್ಟಿನ ಸದ್ದು ಏರಿದ ಕಾಲದಲ್ಲೇ ಅದರ ನಿಮಿಷಗಳು ಇಳಿದಿವೆ.

"ಹಾಗಾದರೆ ರಾಯರಿಗೆ ಒಂದು ಒಳ್ಳೆ ಮಾತೂ ಬೇಡವೇ? ಅವರೂ ಮನುಷ್ಯರಲ್ಲವೇ?" ಎಂಬ ಎರಡನೇ ಆಕ್ಷೇಪಣೆ ಇನ್ನೂ ಗಟ್ಟಿ. ಬೇಕು, ಖಂಡಿತ ಬೇಕು. ಆದರೆ ಯಾರ ಗಮನಕ್ಕೂ ಬಾರದಂತೆ ನೆರವಾಗುವುದೇ ಶ್ರೇಷ್ಠವೆಂದಾದರೆ ಆ ವಿದ್ಯೆಯಲ್ಲಿ ಪಳಗಿದವರು ರಾಯರ ಮನೆಯಲ್ಲೇ ಇದ್ದಾರೆ. ರಾಯರ ಶರ್ಟು ಇಸ್ತ್ರಿಯಾಗಿ ಬರುವುದು, ರಾಯರ ತಾಯಿಯ ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ಡಬ್ಬಿ ತುಂಬುವುದು, ಮಗುವಿನ ಸ್ಕೂಲ್ ಡೈರಿಗೆ ಸಹಿ ಬೀಳುವುದು, ಇದಾವುದಕ್ಕೂ ಪ್ರಕಟಣೆ ಹೊರಟದ್ದಿಲ್ಲ. ರಾಯರು ಈಗ ಮನೆಯ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿ: ಭಾಷಣವುಂಟು, ಹೊಣೆಯಿಲ್ಲ. ಗ್ಯಾಸ್ ಬುಕ್ಕಿಂಗೋ ಮಾತ್ರೆಯ ಡಬ್ಬಿಯೋ, ನೆನಪಿಟ್ಟುಕೊಳ್ಳುವ ಕೆಲಸದ ಸಮೇತ ಒಂದು ಖಾತೆಯನ್ನು ಪೂರ್ತಿ ಅವರಿಗೆ ಬಿಟ್ಟುಕೊಡಬೇಕು. ಆಮೇಲೆ ಭಾಷಣ ತಾನಾಗಿ ಕಡಿಮೆಯಾಗುತ್ತದೆ. ಒಗ್ಗರಣೆ ಹಾಕುವಾಗ ಸಿಲಿಂಡರ್ ಖಾಲಿಯಾದರೆ ಸದನಕ್ಕೆ ಉತ್ತರ ಹೇಳಬೇಕಾದವರು ಅವರೇ ತಾನೆ!