ಟಕ್ ಎಂದರೆ ಏನು ಮಾಡಬೇಕು?

ಅಭಿನಂದನೆಗಳು. ತಾವೀಗ ಒಂದು ಹಳೆಯ ಹಾಯಿದೋಣಿಗೂ ಅದರ ಹೊಟ್ಟೆಯಲ್ಲಿ ಅಡಗಿ ಕೂತ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿಗೂ ಮಾಲೀಕರು. ಎಂಜಿನ್ ಸರಿಯಿರುವಾಗ ಕೈಪಿಡಿಯನ್ನು ಯಾರೂ ತೆರೆಯುವುದಿಲ್ಲ. ಹಾಗಾಗಿ ತಾವು ಸಾಸಲಿಟೊದಿಂದ ಹೊರಟು, ಬೆಳಗಿನ ಹೊತ್ತು ಗಾಳಿ ಬಿದ್ದುಹೋಗಿ, ಇಳಿತದ ಸೆಳೆತಕ್ಕೆ ಸಿಕ್ಕಿ ಗೋಲ್ಡನ್ ಗೇಟ್ ಸೇತುವೆಯತ್ತ ತೇಲುತ್ತಾ ಇದನ್ನು ಓದುತ್ತಿದ್ದೀರೆಂದೇ ತಿಳಿದು ಬರೆದಿದ್ದೇವೆ. ‘ಹಾಯಿ ಇದೆಯಲ್ಲ ಭಾವ?’ ಎಂದು ಬೆಂಗಳೂರಿನಿಂದ ಬಂದ ಭಾವಮೈದುನ ಕೇಳುತ್ತಾನೆ. ಗಾಳಿ ಇದ್ದಿದ್ದರೆ ಕೀಲಿಗೆ ಕೈ ಹಾಕುತ್ತಿದ್ದೆವೇ? ಅವನ ಕೈಗೆ ಲಂಗರಿನ ಸರಪಳಿ ಕೊಡಿ. ಆಳ ಕಡಿಮೆಯಿರುವಲ್ಲೇ ಇಳಿಸಲಿ. ಸೇತುವೆಯ ಕೆಳಗೆ 100 ಮೀಟರ್ ಆಸುಪಾಸು ನೀರಿದೆ.

ಸಿದ್ಧಾಂತ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಲ್ಲೇ ಎಣ್ಣೆ ಹೊತ್ತಿಸಿಕೊಳ್ಳುತ್ತದೆ. ಒಮ್ಮೆ ಶುರುವಾದ ಹಳೆಯ ಎಂಜಿನ್ ವಿದ್ಯುತ್ತಿಲ್ಲದೆಯೂ ದಿನವಿಡೀ ಓಡೀತು. ಆ ‘ಒಮ್ಮೆ’ಗೇ ಎಲ್ಲ ಗೋಳು. ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲಿಷ್ ಕಾಲುವೆ ದಾಟುವಾಗ ಹಡಗಿನಿಂದಲೇ ಕಾಣೆಯಾದರು. ಅದಕ್ಕೂ ನಮ್ಮ ಬ್ಯಾಟರಿಗೂ ಸಂಬಂಧವಿಲ್ಲ. ಕೀಲಿ ತಿರುಗಿಸಿದಾಗಲೆಲ್ಲ ನೆನಪಾಗುತ್ತಾರೆ, ಅಷ್ಟೆ.

ಲಕ್ಷಣ: ಪೂರ್ಣ ಮೌನ

ಬ್ಯಾಟರಿಯ ದೊಡ್ಡ ಸ್ವಿಚ್ ನೋಡಿ. ಆಫ್ ಇದೆ. ಯಾರಿಗೂ ಹೇಳಬೇಡಿ.

ಲಕ್ಷಣ: ಟಕಟಕಟಕಟಕ

ಬ್ಯಾಟರಿ ಡೌನ್. ರಾತ್ರಿಯೆಲ್ಲ ಫ್ರಿಜ್ ಓಡಿಸಿದವರು ಯಾರೆಂದು ಈಗ ವಿಚಾರಣೆ ಬೇಡ. ಸುಮ್ಮನಿರುವ ಬ್ಯಾಟರಿ ತುಂಬಿದ್ದರೆ 12.6 ವೋಲ್ಟಿಗೆ ಕಡಿಮೆ ತೋರಿಸದು. 12ಕ್ಕೆ ಇಳಿದಿದ್ದರೆ ಅದರಲ್ಲಿ ಉಳಿದಿರುವುದು ಕಾಲುಭಾಗದಷ್ಟು.

ಲಕ್ಷಣ: ಒಂದೇ ಒಂದು ಬಡಕಲು ಟಕ್

ಕೆಲವೊಮ್ಮೆ ಅದೂ ಇಲ್ಲ. ಹತ್ತನೇ ಸಲಕ್ಕೆ ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಗುಡುಗುಡು ಎನ್ನುತ್ತದೆ. ಇಲ್ಲಿ ಸ್ವಲ್ಪ ಕೂತು ಮಾತಾಡೋಣ.

ಸ್ಟಾರ್ಟರಿನ ತಲೆಯ ಮೇಲಿರುವ ಸೊಲೆನಾಯ್ಡ್ ಎಂಬ ವಿದ್ಯುತ್ ಸ್ವಿಚ್ಚಿಗೆ ಅಪ್ಪಣೆ ಕೊಡುವುದು ಕೀಲಿ. ಅದಕ್ಕಾಗಿ ವಿದ್ಯುತ್ತು ಎಂಜಿನ್ ಬಳಿಯಿಂದ ಹೊರಟು, ಮೇಲೆ ಚುಕ್ಕಾಣಿಯ ಹತ್ತಿರದ ಫಲಕಕ್ಕೆ ಹತ್ತಿ, ಕೀಲಿ ಹಾದು, ಅಷ್ಟೇ ದೂರ ಇಳಿದು ಬರಬೇಕು. ದಾರಿಯಲ್ಲಿ ಫ್ಯೂಸು, ಪ್ಲಗ್ಗು, ಬೆಸುಗೆ. ಉಪ್ಪುಗಾಳಿಗೆ ಪ್ರತಿಯೊಂದಕ್ಕೂ ಕಿಲುಬು ಹಿಡಿದಿದೆ. ತಾಲ್ಲೂಕು ಕಚೇರಿಯ ಕಡತವನ್ನು ನೆನೆಸಿಕೊಳ್ಳಿ: ಪ್ರತಿ ಮೇಜಿನಲ್ಲೂ ಅರ್ಧ ವೋಲ್ಟು, ಮುಕ್ಕಾಲು ವೋಲ್ಟು ಮಾಮೂಲು. 12 ಹೊರಟದ್ದು 8 ಆಗಿ ತಲುಪುತ್ತದೆ. ಸೊಲೆನಾಯ್ಡ್ ಟಕ್ ಎಂದು ಕಡತವನ್ನು ವಾಪಸು ಕಳಿಸುತ್ತದೆ.

ಮಲ್ಟಿಮೀಟರ್ ಹಿಡಿದು ಬರಿದೇ ಅಳೆದರೆ ಎಲ್ಲ ಕಡೆಯೂ 12 ತೋರಿಸುತ್ತದೆ. ಕಡತ ಚಲಿಸದಿದ್ದರೆ ಮಾಮೂಲು ಎಲ್ಲಿಂದ? ಭಾವಮೈದುನ ಕೀಲಿ ತಿರುಗಿಸಿ ಹಿಡಿದಿರುವಾಗಲೇ ಅಳೆಯಿರಿ. ಕಳ್ಳಮೇಜು ಸಿಕ್ಕಿದರೆ ಸಂಪರ್ಕ ಬಿಚ್ಚಿ, ತಾಮ್ರ ಹೊಳೆಯುವಂತೆ ಉಜ್ಜಿ. (ಅಜ್ಜಿ ಹಂಡೆಗೆ ಹಾಕುತ್ತಿದ್ದ ಹುಣಸೆಹಣ್ಣು ಬೇಡ, ಹುಳಿ ಒಳಗೇ ಉಳಿದು ಮತ್ತೆ ಕಿಲುಬು ಬರಿಸುತ್ತದೆ.) ಬಲ್ಲವರು ಒಂದು ರಿಲೇ ಕೂರಿಸುತ್ತಾರೆ. ಆಮೇಲೆ ಕೀಲಿಯ ತಂತಿಯದ್ದು ಬರೀ ಶಿಫಾರಸು. ವಿದ್ಯುತ್ತು ಬ್ಯಾಟರಿಯಿಂದ ಸಾಹೇಬರ ಕೋಣೆಗೇ ನೇರ.

ಎಚ್ಚರಿಕೆಗಳು

ಸ್ಟಾರ್ಟರಿನ ಎರಡು ತುದಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವ ವಿದ್ಯೆಯನ್ನು ಪಕ್ಕದ ದೋಣಿಯ ಹಿರಿಯರು ಕಲಿಸಲು ಬರುತ್ತಾರೆ. ಫಲಿಸುತ್ತದೆ. ಕಿಡಿಯೂ ಹಾರುತ್ತದೆ, ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಟ್ಟಿರುತ್ತದೆ. ಅವರ ಹುಬ್ಬುಗಳನ್ನೊಮ್ಮೆ ಗಮನಿಸಿ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಸ್ವಿಚ್ ಆಫ್ ಮಾಡಬೇಡಿ. ಆಲ್ಟರ್ನೇಟರಿನ ಡಯೋಡುಗಳು ಸುಟ್ಟಾವು.

ಇದೊಂದನ್ನು ತಮಾಷೆ ಬಿಟ್ಟು ಓದಿ. ಸ್ಟಾರ್ಟರ್ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದೆ ಮತ್ತೆ ಮತ್ತೆ ತಿರುಗಿಸುವಿರಾದರೆ, ಸಮುದ್ರದ ನೀರು ಒಳಬರುವ ಕವಾಟವನ್ನು ಮುಚ್ಚಿ. ಎಂಜಿನ್ನಿನ ಜೊತೆ ನೀರಿನ ಪಂಪೂ ತಿರುಗುತ್ತದೆ. ಆ ನೀರನ್ನು ಹೊರಗೆ ಊದಲು ಹೊಗೆಯಿಲ್ಲ. ಸೈಲೆನ್ಸರ್ ತುಂಬಿ, ಹೊಗೆ ಹೊರಡುವ ದಾರಿಯಲ್ಲೇ ಹಿಂದಕ್ಕೆ ಸಿಲಿಂಡರಿಗೆ ನುಗ್ಗುತ್ತದೆ. ಶುರುವಾದ ತಕ್ಷಣ ಕವಾಟ ತೆರೆಯಿರಿ. ಮರೆಯುತ್ತೀರಿ, ಅದಕ್ಕೇ ಕೀಲಿಗೊಂದು ಚೀಟಿ ಕಟ್ಟಿ.

ಕೈಪಿಡಿಕಾರರ ಅನುಭವ

ನಾನು ಮೊದಲು ಹೊಸ ಬ್ಯಾಟರಿ ಕೊಂಡೆ. ಆಮೇಲೆ ಹೊಸ ಸ್ಟಾರ್ಟರ್. ಟಕ್. ಕಡೆಗೆ ಗಂಟೆಯ ಲೆಕ್ಕದಲ್ಲಿ ಹಣ ಪಡೆವ ಮೆಕ್ಯಾನಿಕ್ ಬಂದು, ಫಲಕದ ಹಿಂದಿನ ಪ್ಲಗ್ಗನ್ನು ಎಳೆದು, ಹಸಿರು ಪುಡಿಯನ್ನು ನನ್ನ ಅಂಗೈಗೆ ಉದುರಿಸಿದ. ಐದು ನಿಮಿಷ, ಬಿಲ್ಲು ಪೂರ್ತಿ ಒಂದು ಗಂಟೆಯದು.

ಹಳೆಯ ಸ್ಟಾರ್ಟರ್ ಗ್ಯಾರೇಜಿನಲ್ಲಿದೆ. ಅದಕ್ಕೆ ಯಾವ ರೋಗವೂ ಇರಲಿಲ್ಲ. ಬೇಕಾದವರು ಒಯ್ಯಬಹುದು, ಹೊಸದರ ಬೆಲೆ ಎಷ್ಟೆಂದು ಮಾತ್ರ ನನ್ನ ಹೆಂಡತಿಯ ಎದುರು ಕೇಳಬೇಡಿ.